ಗೋಡೆಯ ಏಳು ತೂತುಗಳ ಬಗ್ಗೆ

ಮಾನ್ಯ ಪುನರ್ನಿರ್ಮಾಣ ಮುಖ್ಯಾಧಿಕಾರಿಗಳೇ,

ನನ್ನ ತಮ್ಮ ದಂಗೆಕೋರನಲ್ಲ, ಗಾರೆ ಕೆಲಸದವನು. ಇದು ನಿಮಗೆ ಎರಡು ವರ್ಷದಿಂದ ಗೊತ್ತು. ಆದರೂ ನಿಮ್ಮ ಕಡತದಲ್ಲಿ ಅವನ ಹೆಸರಿನ ಮುಂದೆ ಆ ಪದ ಹಾಗೇ ಕೂತಿದೆ. ಅದರ ದೆಸೆಯಿಂದ ನೀವೇ ಕಟ್ಟಿಸಿದ ಹೊಸ ಶಾಲೆಯಲ್ಲಿ ಅವನ ಮಗಳಿಗೆ ಜಾಗವಿಲ್ಲ.

ಯುದ್ಧ ನಡೆದಾಗ ತಾವು ಈ ಊರಿನ ಸೇನಾಧಿಕಾರಿ, ಮುಗಿದ ಮೇಲೆ ಊರು ಕಟ್ಟುವ ಅಧಿಕಾರಿ. ಸರಿಯೇ, ಎಲ್ಲೆಲ್ಲಿ ಏನೇನು ಬಿದ್ದಿದೆ ಅಂತ ಕೆಡವಿದವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೋದ ತಿಂಗಳು ತಮ್ಮ ಭಾಷಣ ನಾನೂ ಕೇಳಿದೆ. ಸಮವಸ್ತ್ರವಿಲ್ಲದ ಶತ್ರುವನ್ನು ಸೋಲಿಸಲು ಮೊದಲು ಊರನ್ನು ಓದಬೇಕು, ಆಮೇಲೆ ಜನರ ಮನಸ್ಸು ಗೆಲ್ಲಬೇಕು ಎಂದಿರಿ. ಆಹಾ, ಎಂಥ ಓದು ಸ್ವಾಮಿ ನಿಮ್ಮದು!

ಎತ್ತರದ ಗೋಡೆ ಕಟ್ಟುವಾಗ ನಿಲ್ಲಲು ಸಾರುವೆ ಕಟ್ಟುತ್ತೇವೆ. ಅದರ ಮರಗಳನ್ನು ಸಿಕ್ಕಿಸಲು ಗೋಡೆಯಲ್ಲಿ ತೂತು ಬಿಡುತ್ತೇವೆ. ಸಾರುವೆ ಇಳಿಸಿದ ಮೇಲೆ ಗಾರೆ ತುಂಬಿ ಮುಚ್ಚುತ್ತೇವೆ. ಯುದ್ಧದ ನಡುವೆ ಒಂದು ದಿನ ನಾನೂ ನನ್ನ ತಮ್ಮನೂ ಬೀದಿ ಬದಿಯ ಗೋಡೆಯೊಂದನ್ನು ಮುಗಿಸಿದ್ದೆವು, ಬೇರೆ ಕೆಲಸಕ್ಕೆ ಆ ಮರ ಬೇಕಿತ್ತು. "ಸಾರುವೆ ಇಳಿಸ್ಬಿಡೋ, ತೂತು ನಾಳೆ ಮುಚ್ಚಿದ್ರಾಯ್ತು" ಎಂದವನು ನಾನೇ. "ಊಟ ಮಾಡ್ಕೊಂಡು ಮುಚ್ಚೇಬಿಡ್ತೀನಿ ಬಿಡಣ್ಣ, ಒಂದು ಗಂಟೆ ಕೆಲಸ" ಎಂದ. ಅವನು ಬುತ್ತಿ ಬಿಚ್ಚಿ ಕೂತಿದ್ದಾಗ ನಿಮ್ಮ ಫಿರಂಗಿಯ ಗುಂಡು ಬಂದು ಬಿತ್ತು. ವರದಿಯಲ್ಲಿ ತಾವು ಬರೆದದ್ದು: "ಬೀದಿಯ ಕಡೆಗೆ ಬಂದೂಕು ಹಾರಿಸಲು ಏಳು ಕಂಡಿಗಳು. ಒಬ್ಬ ದಂಗೆಕೋರ ಹತ." ಅವನ ಬಳಿ ಸಿಕ್ಕ ಆಯುಧ ಯಾವುದು? ಗಾರೆ ಮೆತ್ತುವ ಕರಣೆ. ಅದನ್ನು ಪಕ್ಕದಲ್ಲಿಟ್ಟುಕೊಳ್ಳದೆ ಅವನು ಊಟಕ್ಕೂ ಕೂರುತ್ತಿರಲಿಲ್ಲ.

ಒಂಬತ್ತು ಸಲ ನಿಮ್ಮ ಕಚೇರಿಯ ಮೆಟ್ಟಿಲು ಹತ್ತಿದೆ. ಒಂಬತ್ತನೆಯ ಸಲ ತಾವೇ ಸಿಕ್ಕಿದಿರಿ. "ಆಗಿದ್ದು ಆಗ್ಹೋಯ್ತು ಮೇಸ್ತ್ರಿ. ಈಗ ವರದಿ ತಿದ್ದಿದ್ರೆ ನನ್ನ ಮರ್ಯಾದೆ ಏನಾಗ್ಬೇಕು? ನಮ್ಮ ಹೊಸ ಕಚೇರಿ ಕಟ್ಟೋ ಕೆಲಸ ನಿಮಗೇ ಕೊಡ್ತೀನಿ, ಹೋಗಿ" ಎಂದಿರಿ. ನನ್ನ ಮನಸ್ಸು ಗೆಲ್ಲುವ ಬಗೆ ಇದು! ಆದರೂ ಕೈಮುಗಿದು ಒಪ್ಪಿಕೊಂಡೆ.

ಕಚೇರಿ ಮುಗಿದಿದೆ ಸ್ವಾಮಿ. ನಿಮ್ಮ ಕುರ್ಚಿಯ ಹಿಂದೆ, ಬೀದಿಗೆ ಮುಖ ಮಾಡಿದ ಗೋಡೆಯಲ್ಲಿ ಏಳು ತೂತು ಬಿಟ್ಟಿದ್ದೇನೆ. ಅದೇ ಅಳತೆ, ಅದೇ ಸಾಲು. ಊರಿನ ಒಬ್ಬ ಗಾರೆಯವನೂ ಅವನ್ನು ಮುಚ್ಚುವುದಿಲ್ಲ. ಎಲ್ಲರೂ ಕರಣೆ ಮುಟ್ಟಿ ಮಾತು ಕೊಟ್ಟಿದ್ದಾರೆ. ಸಿಪಾಯಿಗಳಿಂದ ಮುಚ್ಚಿಸುತ್ತೀರಾ? ಮುಚ್ಚಿಸಿ, ಊರೆಲ್ಲ ನಿಂತು ನೋಡುತ್ತದೆ. ಬರೀ ಗಾರೆ ತುಂಬಿ ಮುಚ್ಚಿಸಿದರೆ ಅವು ಬಂದೂಕಿನ ಕಂಡಿಯಲ್ಲ, ಗಾರೆಯವರ ತೂತು ಎಂದು ಊರೆದುರು ಒಪ್ಪಿಕೊಂಡಂತೆ. ಬಿಟ್ಟರೆ, ನಿಮ್ಮದೇ ವರದಿಯ ಪ್ರಕಾರ, ಏಳು ಬಂದೂಕಿನ ಕಂಡಿಗಳಿಗೆ ಬೆನ್ನು ಕೊಟ್ಟು ಕೂತು ಸಹಿ ಹಾಕಬೇಕು. ನನಗೆ ನಿಮ್ಮ ಕ್ಷಮೆ ಬೇಡ. ದಿನಾ ಆ ಕುರ್ಚಿಯಲ್ಲಿ ಕೂರುವಾಗ ನಿಮ್ಮ ಬೆನ್ನು ಜುಮ್ಮೆನ್ನಬೇಕು, ಅಷ್ಟೇ.

ಸೋಮವಾರ ಉದ್ಘಾಟನೆ, ಮಂತ್ರಿಗಳು ಬರುತ್ತಾರಂತೆ. ಅಷ್ಟರೊಳಗೆ ಆ ಪದ ಹೊಡೆದುಹಾಕಿ "ಗಾರೆ ಕೆಲಸದವನು" ಎಂದು ಬರೆದು, ಆ ಹಾಳೆಯನ್ನು ಶಾಲೆಯ ಬಾಗಿಲಿಗೆ ಅಂಟಿಸಿ. ಮಗು ಒಳಗೆ ಹೋಗಿ ಕೂತದ್ದನ್ನು ನೋಡಿದ ಮೇಲೆ ನಾನೇ ಬಂದು ಮುಚ್ಚಿಕೊಡುತ್ತೇನೆ. ಒಂದು ಗಂಟೆ ಕೆಲಸ.

ಇಂತಿ,
ನಾಳೆ ಮುಚ್ಚಿದರಾಯ್ತು ಎಂದಿದ್ದ ಮೇಸ್ತ್ರಿ