ಎರಡನೇ ಸಲ ಕೇಳದವರು

ಲುಂಡ್
ಶುಕ್ರವಾರ, ೧೬ ಮೇ ೨೦೨೫

ಪ್ರೀತಿಯ ಅಮ್ಮನಿಗೆ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತಾ? ಸುಲೋಚನಾ ಚಿಕ್ಕಮ್ಮನ ಕಾಲಿನ ಪ್ಲಾಸ್ಟರ್ ಬಿಚ್ಚಿದರಾ, ಇಲ್ಲ ಇನ್ನೂ ಮಂಚದಿಂದಲೇ ಕೂಗಿ ಕೂಗಿ ನಿನ್ನ ಕೈಲಿ ಕಾಫಿ ತರಿಸಿಕೊಳ್ಳುತ್ತಿದ್ದಾಳಾ? ಮೈಸೂರಿನ ಬಿಸಿಲಲ್ಲಿ ಮಾರ್ಕೆಟ್ಟಿಗೆ ನಡೆದುಕೊಂಡು ಹೋಗಬೇಡ, ಆಟೋ ಮಾಡಿಕೋ. ಅಪ್ಪ ಚೆನ್ನಾಗಿದ್ದಾರೆ. ಲ್ಯಾಬಿನಿಂದ ಬಂದು ದಿನವೂ ಅದೇ ಟೊಮ್ಯಾಟೊ ಸಾರು ಮಾಡಿ, "ನಿಮ್ಮಮ್ಮನ ಸಾರಿಗಿಂತ ಚೆನ್ನಾಗಿದೆ ಅಲ್ವೇನೇ?" ಎಂದು ಕೇಳುತ್ತಾರೆ. ನಾನು ಇಲ್ಲ ಎನ್ನುತ್ತೇನೆ. ಮಾರನೆಯ ದಿನ ಮತ್ತೆ ಕೇಳುತ್ತಾರೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು "ಆರಾಮಾ ಪುಟ್ಟಿ?" ಎಂದ ಕೂಡಲೇ ನನ್ನ ಬಾಯಿ ತಾನಾಗಿ "ಆರಾಮ್" ಎಂದುಬಿಡುತ್ತದೆ. ಪಕ್ಕದ ಬೀದಿಯ ಮೈತ್ರೇಯಿ ಆಂಟಿ ಇವತ್ತು ಸಂಜೆ ಊರಿಗೆ ಹೊರಟಿದ್ದಾರೆ, ಪತ್ರವನ್ನು ಚಿಕ್ಕಮ್ಮನ ಮನೆಗೇ ತಂದು ಕೊಡುತ್ತಾರಂತೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಆರಾಮಾಗಿಲ್ಲ ಅಮ್ಮ. ಹೆದರಿದ್ದೇನೆ.

ಹೋದ ಗುರುವಾರ ಯೋನ್‌ಶೋಪಿಂಗ್ ಊರಿನ ಆಚೆಯ ಆ ಸಣ್ಣ ಕಾಲೇಜನ್ನು ನೋಡಿ ಬಂದೆ. ಇಲ್ಲಿನವರು ಫೋಲ್ಕ್‌ಹೋಗ್‌ಸ್ಕೂಲಾ ಅನ್ನುತ್ತಾರಲ್ಲ, ಶಾಲೆ ಅರ್ಧಕ್ಕೆ ಬಿಟ್ಟವರನ್ನೂ ಸೇರಿಸಿಕೊಂಡು ಚರಿತ್ರೆ, ಸಾಹಿತ್ಯ, ತತ್ವಶಾಸ್ತ್ರವನ್ನೆಲ್ಲ ಒಟ್ಟಿಗೆ ಕೂರಿಸಿ ಓದಿಸುತ್ತಾರಲ್ಲ, ಅಂಥದ್ದು. ಅಲ್ಲೇ ಹಾಸ್ಟೆಲ್, ಅಲ್ಲೇ ಊಟ. ಪರೀಕ್ಷೆಯ ಅಂಕಗಳಿಲ್ಲ. ಹೋಗುವ ಮೊದಲು ಅಪ್ಪನಿಗೆ ವಿವರಿಸಿದಾಗ, "ಮಾರ್ಕ್ಸ್ ಕೊಡದ ಕಾಲೇಜು ಎಂಥ ಕಾಲೇಜಮ್ಮ, ಅದು ಆಶ್ರಮ. ಹೋಗು, ಬರುವಾಗ ಕಮಂಡಲ ಹಿಡ್ಕೊಂಡು ಬಾ" ಎಂದರು. ನಕ್ಕರೇನೋ ನಿಜ. ಆದರೆ ಆಮೇಲೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದರು. ನಾನು ಇಲ್ಲಿನ ಪಿಯುಸಿ ಬಿಟ್ಟ ದಿನವೂ ಹಾಗೇ ಮಾಡಿದ್ದರು.

ಅದನ್ನು ಯಾಕೆ ಬಿಟ್ಟೆ ಎಂದು ನೀನು ಕೇಳಿದಾಗಲೆಲ್ಲ "ಬೋರಾಯಿತು" ಎಂದಿದ್ದೇನೆ. ಬೋರೂ ಆಗಿತ್ತು. ಆದರೆ ದಿನಾ ಬೆಳಿಗ್ಗೆ ಸೈಕಲ್ ಶಾಲೆಯ ಗೇಟಿನ ಹತ್ತಿರ ಬರುತ್ತಿದ್ದ ಹಾಗೆ ಕಾಲುಗಳು ಪೆಡಲು ತುಳಿಯುವುದನ್ನು ನಿಲ್ಲಿಸುತ್ತಲೇ ಇರಲಿಲ್ಲ. ಗೇಟು ದಾಟಿ, ಊರು ದಾಟಿ, ಮಾಲ್ಮೋ ದಾರಿಯ ಹಳದಿ ಸಾಸಿವೆ ಹೊಲಗಳ ಮಧ್ಯೆ ಹೋಗಿ ನಿಂತಾಗಲೇ ನನಗೆ ಉಸಿರು ಬರುತ್ತಿದ್ದದ್ದು. ಆಗಸ್ಟಿನಲ್ಲಿ ಹೊಸ ಗೇಟಿನ ಮುಂದೆಯೂ ಕಾಲು ಹೀಗೇ ಮಾಡಿದರೆ ಏನು ಮಾಡಲಿ? ಒಮ್ಮೆ ಬಿಟ್ಟವಳನ್ನು ಚಂಚಲೆ ಅನ್ನುತ್ತಾರೆ. ಎರಡು ಸಲ ಬಿಟ್ಟವಳನ್ನು ಏನನ್ನುತ್ತಾರೋ ಗೊತ್ತಿಲ್ಲ.

ಇದಕ್ಕೂ ಮೊದಲು ಮಾಲ್ಮೋದಲ್ಲಿ ಇಂಥದ್ದೇ ಇನ್ನೊಂದನ್ನು ನೋಡಿದ್ದೆ. ದೊಡ್ಡ ದೊಡ್ಡ ಗಾಜಿನ ಕಿಟಕಿ, ಒಳ್ಳೆಯ ಕಾಫಿ. ಅಲ್ಲಿ ಎಲ್ಲರಿಗೂ ತಾವೇನಾಗಬೇಕೆಂದು ಆಗಲೇ ಗೊತ್ತಿತ್ತು. ನಾನು ಟಾಯ್ಲೆಟ್ಟಿನಲ್ಲಿ ಕೂತು ವಾಪಸ್ ರೈಲು ಎಷ್ಟಕ್ಕಿದೆ ಎಂದು ನೋಡಿಕೊಂಡೆ. ಈ ಕಾಲೇಜು ಹಾಗಿರಲಿಲ್ಲ. ಹಳೆಯ ಮರದ ಕಟ್ಟಡ, ನಡೆದರೆ ನೆಲ ಕಿರುಗುಟ್ಟುತ್ತದೆ. ತರಗತಿಯಲ್ಲಿ ಒಂದೇ ಮೇಜಿನ ಸುತ್ತ ಕೂತಿದ್ದರು. ನಲವತ್ತು ದಾಟಿದ ಲಾರಿ ಡ್ರೈವರ್ ಒಬ್ಬ, "ಓದಿದೆ, ಏನೂ ಅರ್ಥವಾಗಲಿಲ್ಲ" ಎಂದ. ಯಾರೂ ನಗಲಿಲ್ಲ. ಟೀಚರು ಪುಟ ತಿರುವಿ, "ಈ ಭಾಗ ನನಗೂ ಅರ್ಥವಾಗಿಲ್ಲ, ಎಲ್ಲಿಂದ ಶುರು ಮಾಡೋಣ?" ಎಂದರು. ಅಮ್ಮ, ಅಲ್ಲಿ ಕೂತಿದ್ದಷ್ಟು ಹೊತ್ತು ನನಗೆ ಸೈಕಲ್ಲಿನ ನೆನಪೇ ಬರಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಟಾಣಿ ಸೂಪು, ಆಮೇಲೆ ಪ್ಯಾನ್‌ಕೇಕು. ಪಕ್ಕದ ಹುಡುಗಿ ತಟ್ಟೆ ಹಿಡಿದು ಇನ್ನೊಂದು ಬೇಕಾ ಎಂದಳು. ಬೇಡ ಎಂದೆ, ಬೇಕಿತ್ತು. ತಟ್ಟೆ ಮೇಜಿನ ಆ ತುದಿಗೆ ಹೋಗಿ ಖಾಲಿಯಾಯಿತು. ಎಲೆಗೆ ಎರಡೂ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಒಬ್ಬಟ್ಟು ಜಾರಿಸುವವಳು ನೀನು. ಒಂದೇ ಸಲಕ್ಕೆ ಹೂಂ ಅಂದರೆ ಜನ ಆಸೆಬುರುಕಿ ಅಂದುಕೊಳ್ತಾರೆ ಎಂದು ಕಲಿಸಿದವಳೂ ನೀನೇ. ಒಂದೇ ಸಲ ಕೇಳುವ ಈ ದೇಶದಲ್ಲಿ ಇಷ್ಟು ವರ್ಷವಿದ್ದೂ ನಾನು ಕಲಿತದ್ದು ಅದನ್ನೇ.

ಪ್ಯಾನ್‌ಕೇಕು ಹೋದರೆ ಹೋಗಲಿ. ಊಟವಾದ ಮೇಲೆ ಮುಖ್ಯಸ್ಥೆ ಗುನಿಲ್ಲಾ ನನ್ನನ್ನು ಕೂರಿಸಿಕೊಂಡು, "ನಿನಗೆ ಇಲ್ಲಿ ಓದಬೇಕು ಅನ್ನಿಸುತ್ತದಾ?" ಎಂದು ಕೇಳಿದರು. ಎದೆಯೊಳಗೆ ಹೌದು ಎಂದು ಹೊಡೆದುಕೊಳ್ಳುತ್ತಿತ್ತು. ಬಾಯಲ್ಲಿ ಬಂದದ್ದು, "ನನಗಿಂತ ಅಗತ್ಯ ಇರುವವರಿದ್ದರೆ ಅವರಿಗೇ ಕೊಡಿ, ನನಗೇನೂ ಪರವಾಗಿಲ್ಲ." ಅವರು ಗಂಭೀರವಾಗಿ ತಲೆಯಾಡಿಸಿ, ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದರು. ಪ್ರಾಮಾಣಿಕವಾಗಿ! ಕಾಫಿ ಕುಡಿದೆವು. ಈಗ ಮತ್ತೆ ಕೇಳುತ್ತಾರೆ ಅಂದುಕೊಂಡೆ. ಬಸ್‌ಸ್ಟಾಪಿನ ತನಕ ಜೊತೆಗೆ ಬಂದರು. ಈಗಲಾದರೂ ಕೇಳುತ್ತಾರೆ ಅಂದುಕೊಂಡೆ. ಹುಷಾರಾಗಿ ಹೋಗು ಎಂದು ಕೈಬೀಸಿದರು, ಬಸ್ಸು ಹೊರಟಿತು.

ಮನೆಗೆ ಬಂದು ಅಪ್ಪನಿಗೆ "ಚೆನ್ನಾಗಿತ್ತು" ಎಂದಷ್ಟೇ ಹೇಳಿದೆ. ಆವತ್ತಿನಿಂದ ಸರಿಯಾಗಿ ನಿದ್ದೆಯಿಲ್ಲ. ಯಾರ ಮುಖಕ್ಕಾದರೂ ಇದ್ದದ್ದು ಇದ್ದ ಹಾಗೆ ಹೇಳುವವಳು ಎಂದು ನೀನು ನನ್ನನ್ನು ಬೈಯುತ್ತೀಯಲ್ಲ, ಅಂಥವಳು ತನಗೆ ಬೇಕಾಗಿದ್ದ ಒಂದೇ ಒಂದು ವಿಷಯದಲ್ಲಿ ಸುಳ್ಳು ಹೇಳಿ ಬಂದೆ. ತಪ್ಪನ್ನು ನಿನ್ನ ಒಬ್ಬಟ್ಟಿನ ಮೇಲೆ ಹಾಕಿದರೆ ಅದೂ ಸುಳ್ಳೇ. ಅವರು ಎರಡನೇ ಸಲ ಕೇಳಿ, ಒತ್ತಾಯ ಮಾಡಿ ಸೇರಿಸಿಕೊಂಡಿದ್ದರೆ, ನಾಳೆ ಬಿಟ್ಟು ಬಂದಾಗ "ನಾನೇನು ಕೇಳಿದ್ದೆನಾ" ಎನ್ನಬಹುದಿತ್ತು. ನಾನೇ ಬಾಯಿಬಿಟ್ಟು ಬೇಕು ಅಂದ ಮೇಲೆ ಓಡಿಹೋಗಲು ದಾರಿಯೇ ಇರುವುದಿಲ್ಲ. ನನ್ನ ಹೆದರಿಕೆ ಇಷ್ಟೇ.

ಸೀಟು ಬೇರೆ ಯಾರಿಗಾದರೂ ಹೋಗಿದೆಯೋ ಏನೋ. ಇದನ್ನು ಅಂಟಿಸಿ ಫೋನ್ ಮಾಡಬೇಕು ಅಂದುಕೊಂಡಿದ್ದೇನೆ. ಕೈ ಮಾತ್ರ ಬರೆಯುತ್ತಲೇ ಇದೆ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು, ಅವಳ ಕಾಲು ಬೇಗ ನೆಟ್ಟಗಾಗಲಿ. ನಿನ್ನ ಮಾತ್ರೆ ಮರೆಯಬೇಡ.

ನಿನ್ನ
ಅವನಿ

ಮತ್ತೆ: ಮೈತ್ರೇಯಿ ಆಂಟಿಯ ಕಾರು ಕೆಳಗೆ ನಿಂತು ಹಾರ್ನ್ ಹೊಡೆಯುತ್ತಿದೆ, ಅಕ್ಷರ ಕೆಟ್ಟದ್ದಕ್ಕೆ ಬೈಯಬೇಡ. ಈಗಷ್ಟೇ ಗುನಿಲ್ಲಾಗೆ ಫೋನ್ ಮಾಡಿದೆ. ಒಂದು ಸೀಟು ಇನ್ನೂ ಉಳಿದಿತ್ತು. ಬೇಕು ಎಂದೆ. ಸರಿ, ಆಗಸ್ಟಿನಲ್ಲಿ ಬಾ ಎಂದರು, ಅಷ್ಟೇ. ಫೋನ್ ಇಟ್ಟ ಮೇಲೆ ಹೆದರಿಕೆ ಇಳಿಯಲಿಲ್ಲ, ಇಮ್ಮಡಿಯಾಯಿತು. ಇದು ಕೈಸೇರಿದ ಕೂಡಲೇ ನೀನು ಫೋನ್ ಮಾಡಿ, "ನಿಜವಾಗ್ಲೂ ಬೇಕಾ ಪುಟ್ಟಿ?" ಅನ್ನುತ್ತೀಯ ಅಂತ ಗೊತ್ತು. ಕಾಲಿಗೆ ಬೀಳುತ್ತೇನೆ ಅಮ್ಮ, ಕೇಳಬೇಡ. ನೀನು ಕೇಳಿದರೆ ಬೇಡ ಅಂದುಬಿಡುತ್ತೇನೆ.