ಉಪ್ಪಿನ ಶಾಖ

ಮಾರ್ಚ್ 3, ಬೆಳಿಗ್ಗೆ

ಡ್ರೆಸ್ಸಿಂಗ್ ಬದಲಿಸಿಕೊಂಡೆ. ಎಡ ಮೊಲೆ ಇದ್ದ ಜಾಗ ಚಪ್ಪಟೆ. ಹೊಲಿಗೆ ಒಣಗುತ್ತಿದೆ. ನೋವಿಲ್ಲ. ಆಪರೇಷನ್ ದಿನ ಡಾಕ್ಟರ್ ಯಾಮಿನಿ ಪಕ್ಕೆಲುಬಿನ ಸಂದಿಗೆ ಸೂಜಿಯಂಥದ್ದು ಇಳಿಸಿ ನರವನ್ನೇ ಹಿಮಗಟ್ಟಿಸಿದ್ದಾರೆ. ಎರಡು ಮೂರು ತಿಂಗಳು ಎದೆ ಮರಗಟ್ಟಿರುತ್ತದಂತೆ. ಆಮೇಲೆ ನರ ಮತ್ತೆ ಬೆಳೆಯುತ್ತದಂತೆ. ಕೂಡಲೇ ಒಪ್ಪಿದ್ದೆ. ಇದೇ ಆಪರೇಷನ್ ಆಗಿ ಅಕ್ಕ ವರ್ಷಗಟ್ಟಲೆ ನರಳಿದ್ದನ್ನು ಕಂಡಿದ್ದೇನೆ. ನೋವು ನುಂಗುವುದೇ ಹೆಣ್ಣಿನ ಹಿರಿಮೆ ಅನ್ನುವವರ ಬಾಯಿಗೆ ಮಣ್ಣು ಹಾಕ.

ಮಾರ್ಚ್ 5, ಸಂಜೆ

ಮಂಚೇನಹಳ್ಳಿಯಿಂದ ಅಮ್ಮ ಬಂದಳು. ಬಸ್ ಇಳಿದು ಬಂದವಳೇ ಬಾಣಲೆ ಒಲೆಗಿಟ್ಟಳು. ಕಲ್ಲುಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಹೊಲಿಗೆಯ ಕೆಳಗೆ ಒತ್ತಿದಳು.

“ಸುಡ್ತದೇನಮ್ಮಾ?”

“ಇಲ್ಲಮ್ಮಾ.”

“ಇನ್ನೊಂಚೂರು ಕಾಯಿಸ್ಲಾ?”

“ಕಾಯ್ಸು. ಬಂದಿದ್ದಕ್ಕೆ ಏನಾದ್ರೂ ಮಾಡ್ದೆ ಬಿಡ್ತೀಯಾ ನೀನು!”

ಅವಳಿಗೆ ಸಮಾಧಾನ. ನನಗೂ.

ಮಾರ್ಚ್ 6

ಬೊಬ್ಬೆ. ಅಂಗೈಯಗಲ. ಕನ್ನಡಿಯಲ್ಲಿ ಕಂಡಾಗಲೇ ಗೊತ್ತಾದದ್ದು. ಮರಗಟ್ಟಿದ ಚರ್ಮ ಸುಟ್ಟರೂ ಬಾಯಿಬಿಡುವುದಿಲ್ಲ — ನನಗೂ ಹೊಳೆಯಲಿಲ್ಲ. ತಿಂಗಳ ಕೊನೆಗೆ ರೇಡಿಯೇಷನ್. ಚರ್ಮ ಮಾಯದಿದ್ದರೆ ಮುಂದಕ್ಕೆ. ಕ್ಯಾನ್ಸರ್ ಕಾಯುತ್ತದೆಯೇ?

ಅಮ್ಮ ಊಟ ಮಾಡಲಿಲ್ಲ.

ಮಾರ್ಚ್ 8, ಬೆಂಗಳೂರು

ಆಸ್ಪತ್ರೆ ಬಾಗಿಲಲ್ಲಿ ಗುಲಾಬಿ ಹಂಚುತ್ತಿದ್ದರು. ಮಹಿಳಾ ದಿನವಂತೆ. ಒಳಗೆ ಡಾಕ್ಟರ್ ಯಾಮಿನಿ ಅಮ್ಮನ ಮೇಲೆ ಹರಿಹಾಯ್ದರು.

“ಯಾವ ಕಾಲ್ದಲ್ಲಿದೀರಮ್ಮಾ? ಬುದ್ಧಿ ಬೇಡ್ವಾ?”

“ಅಮ್ಮನ್ನ ಬಯ್ಬೇಡಿ ಮೇಡಂ,” ಎಂದೆ. “ನಿಮ್ಮೋರು ನಮ್ಮ ಕೇರಿಗೆ ಕಾಲಿಡದೆ ಇದ್ದಾಗ ಉಪ್ಪಿನ ಗಂಟೇ ನಮಗೆ ಆಸ್ಪತ್ರೆ. ನಂಬ್‌ನೆಸ್ ಇರುತ್ತೆ ಅಂದ್ರಿ. ಶಾಖ ಕೊಡ್ಬೇಡಿ ಅಂದ್ರಾ?”

ಡಾಕ್ಟರ್ ಪೆನ್ನು ಕೆಳಗಿಟ್ಟರು. “ಹೇಳ್ಬೇಕಿತ್ತು,” ಅಂದರು. ಅಷ್ಟೇ. ಮುಲಾಮು ಬರೆದರು. ರೇಡಿಯೇಷನ್ — ಗಾಯ ಮಾಯಲಿ, ನೋಡೋಣ ಅಂದರು.

ಹೊರಗೆ ಬಂದರೆ, ಆಪರೇಷನ್‌ಗೆ ಕಾದಿದ್ದ ಚಿಂತಾಮಣಿ ಕಡೆಯ ಹೆಂಗಸಿನ ಪಕ್ಕ ಅಮ್ಮ. ತೆಲುಗಲ್ಲಿ, ಕೈ ಆಡಿಸಿ: “ಉಪ್ಪು ಕಾಪಡಂ ವದ್ದಮ್ಮಾ! ವದ್ದು!” ಶಾಖ ಬೇಡವೇ ಬೇಡ. ನಮ್ಮ ಕೇರಿಯ ಹೆಂಗಸರ ಸಂಘದ ವೇದಿಕೆಯಲ್ಲಿ ನಾನೂ ಇಷ್ಟು ಜೋರಾಗಿ ಮಾತಾಡಿದವಳಲ್ಲ.

ಮಾರ್ಚ್ 27, ಮಧ್ಯಾಹ್ನ

ಗಾಯ ಮಾಯ್ದಿದೆ. ಸೋಮವಾರದಿಂದ ರೇಡಿಯೇಷನ್. ಕಳಿಸಿದ ಫೋಟೊ ನೋಡಿ ಯಾಮಿನಿ ಫೋನಿನಲ್ಲೇ ಹೇಳಿದರು.

ಬೊಬ್ಬೆ ಎದ್ದಾಗಿನಿಂದ ಅಮ್ಮ ನನ್ನ ಮೈ ಮುಟ್ಟಿರಲಿಲ್ಲ. ಮುಲಾಮೂ ನಾನೇ ಹಚ್ಚಿಕೊಂಡೆ. ಇವತ್ತು ಕರೆದು ಪಕ್ಕ ಕೂರಿಸಿಕೊಂಡೆ. ಅಂಗೈ ಸೀರೆಗೆ ಒರೆಸಿ, ಊದಿ, ಎದೆಯ ಮೇಲಿಟ್ಟಳು.

“ಗೊತ್ತಾಗ್ತದಾ?”

“ಇಲ್ಲಮ್ಮಾ. ಇನ್ನೂ ಇಲ್ಲ.”

ಕೈ ತೆಗೆಯಲಿಲ್ಲ. ಅದು ಎದೆಯ ಮೇಲೆ ಇದೆಯೋ ಇಲ್ಲವೋ ತಿಳಿಯಲು ನನ್ನ ಕೈಯಿಂದ ಅವಳ ಬೆರಳು ಹುಡುಕಿ ಹಿಡಿದುಕೊಂಡೆ.