ತಲೆಯಾಡಿಸಿ ಪಡೆದ ಬೀಗದ ಕೈ

ಅಜ್ಜಿ,

ಸೈಕಲ್ಲಿನಿಂದ ಬಿದ್ದ ಮಂಡಿ ವಾಸಿಯಾಗಿದೆ. ಉಣ್ಣೆಯ ಕಾಲುಚೀಲ ಸಾಕು, ಇನ್ನು ಕಳಿಸಬೇಡ. ಇಲ್ಲಿ ಪೋರ್ಚುಗಲ್ಲಿನಲ್ಲಿ ನಾನೊಂದು ಎಡವಟ್ಟು ಮಾಡಿಕೊಂಡೆ, ಕೇಳು. ಊರಿನ ವಾಚನಾಲಯವನ್ನು ಮುಚ್ಚುವ ಬಗ್ಗೆ ಪುರಸಭೆಯವರು ಸಭೆ ಕರೆದಿದ್ದರು. ನಾವು ಸ್ವಯಂಸೇವಕರು ಹಿಂದಿನ ಬೆಂಚಿನಲ್ಲಿದ್ದೆವು. "ಹುಡುಗರ ಪರವಾಗಿ ನೀನು ಮಾತಾಡ್ತೀಯೇನಮ್ಮ?" ಎಂದು ಅಧ್ಯಕ್ಷರು ನನ್ನನ್ನೇ ಕೇಳಬೇಕೆ? ಗಾಬರಿಯಲ್ಲಿ ನಾನು ನಮ್ಮ ಬಲ್ಗೇರಿಯದವರ ಹಾಗೆ ತಲೆಯನ್ನು ಮೇಲೆ ಕೆಳಗೆ ಆಡಿಸಿ ಬೇಡವೆಂದೆ. ಇಲ್ಲಿ ಅದು ಹೂಂ ಎಂದಂತೆ. ಮೈಕು ಕೈಗೆ ಬಂತು.

ಹರಕುಮುರುಕು ಭಾಷೆಯಲ್ಲಿ ಹೇಳಿದೆ: "ಬೀಗದ ಕೈ ನಮಗೆ ಕೊಡಿ. ಸಂಜೆ ಹೊತ್ತು ನಾವೇ ಬಾಗಿಲು ತೆಗೀತೀವಿ, ನಾವೇ ಗುಡಿಸ್ತೀವಿ. ನಮ್ಮೂರಲ್ಲೂ ಹಾಗೇ ಮಾಡೋದು."

ಮೀನು ಮಾರುವ ಅಲ್ದಾ ಹಿಂದೆ ತಿರುಗಿ ಊರಿನ ಹುಡುಗರನ್ನು ಗದರಿದಳು: "ಎಲ್ಲಿಂದಲೋ ಬಂದವಳು ಪೊರಕೆ ಕೇಳ್ತಿದ್ದಾಳೆ. ನೀವು ಫೋನ್ ಉಜ್ಕೊಂಡು ಕೂತಿರಿ." ಒಬ್ಬೊಬ್ಬರಾಗಿ ಎಲ್ಲರೂ ಎದ್ದು ನಿಂತರು.

ಅಧ್ಯಕ್ಷರು ಜೇಬಿನಿಂದ ಬೀಗದ ಕೈ ತೆಗೆದು, "ದಿನಾ ತೆಗೀತೀಯಾ?" ಎಂದರು. ಖುಷಿಯಲ್ಲಿ ತಲೆಯನ್ನು ಅಡ್ಡಡ್ಡ ಆಡಿಸಿದೆ. ಅವರು ಬೀಗದ ಕೈಯನ್ನು ಮತ್ತೆ ಜೇಬಿಗಿಳಿಸಿದರು. ನನ್ನ ಗೆಳೆಯ ದುವಾರ್ತೆ, "ಸ್ವಾಮಿ, ಇವಳ ದೇಶದಲ್ಲಿ ಹೂಂ ಅನ್ನೋದೇ ಹಾಗೆ" ಎಂದು ಕಾಪಾಡಿದ.

ಈಗ ಬೀಗದ ಕೈ ನನ್ನ ಕೊರಳಲ್ಲಿದೆ. ಕ್ರಿಸ್‌ಮಸ್‌ಗೆ ಬರುವ ಬದಲು ಈಸ್ಟರ್‌ವರೆಗೂ ಇಲ್ಲೇ ಇರಲೇ? ಇದನ್ನು ಓದಿ ನೀನು ತಲೆಯನ್ನು ಮೇಲೆ ಕೆಳಗೆ ಜೋರಾಗಿ ಆಡಿಸುತ್ತಿರುತ್ತೀಯೆಂದು ಗೊತ್ತು. ಅದನ್ನು ನಾನು ಈ ಊರಿನ ಲೆಕ್ಕದಲ್ಲೇ ಹಿಡಿಯುತ್ತೇನೆ.

ನಿನ್ನ ಜೊರ್ನಿತ್ಸಾ